ಸಂಜೆಯ ಸ್ನಾನ

ಮೈದಾ ಹಿಟ್ಟು ನೀರಿನಲ್ಲಿ ಕುದಿಯುವಾಗ ಒಂದು ವಾಸನೆ ಬರುತ್ತದೆ. ಅಡುಗೆಯ ವಾಸನೆಯಂತಿದ್ದರೂ ಅದು ಅಡುಗೆಯಲ್ಲ. ಬಿಸಿ ಹಾಲಿನಷ್ಟು ಮೆತ್ತಗೆ ಶುರುವಾಗಿ, ಒದ್ದೆ ಕಾಗದದ ಹುಳಿಯಲ್ಲಿ ಮುಗಿಯುವ ವಾಸನೆ. ಸೂಜಕ್ಕನ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆದಿತ್ತು. ಬೆಳಿಗ್ಗೆ ಕಣ್ಣುಜ್ಜಿಕೊಂಡು ಎದ್ದು ಬಂದರೆ ಅಪ್ಪ ಮುಂಗೋಣೆಯಲ್ಲಿ ಸ್ಟವ್ ಮುಂದೆ ಕುಕ್ಕರಗಾಲಲ್ಲಿ ಕೂತು, ಪುಸ್ತಕಕ್ಕೆ ಹಚ್ಚುವ ಅಂಟನ್ನು ಮರದ ಸೌಟಿನಿಂದ ತಿರುವುತ್ತಿರುತ್ತಿದ್ದರು. ಹುಳ ಬೀಳದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವ ಮುಂಚೆ, ಇಬ್ಬರು ಹೆಣ್ಣುಮಕ್ಕಳ ಬೆರಳ ತುದಿಗೂ ಒಂದೊಂದು ಚೂರು ಸವರಿ, "ಊದ್ಕೊಂಡು ತಿನ್ನಿ, ನಾಲಿಗೆ ಸುಟ್ಟೀತು" ಅನ್ನುತ್ತಿದ್ದರು. ಚಿಕ್ಕವಳು ನೆಕ್ಕಿ ಓಡಿಹೋಗುತ್ತಿದ್ದಳು. ದೊಡ್ಡವಳಾದ ಸೂಜಕ್ಕನಿಗೆ ಮಾತ್ರ ಮಧ್ಯಾಹ್ನದೊಳಗೆ ಹೊಟ್ಟೆ ನುಲಿಯುತ್ತಿತ್ತು. "ಇದರ ಹೊಟ್ಟೆ ಬಲು ಸೂಕ್ಷ್ಮ" ಎಂದು ಅಪ್ಪ ಬೆನ್ನು ಸವರುತ್ತಿದ್ದರು. ಹೊಟ್ಟೆ ಸೂಕ್ಷ್ಮವಲ್ಲ, ಗೋಧಿಯೇ ಅದಕ್ಕೆ ಹಗೆ ಎಂದು ಗೊತ್ತಾಗುವ ಹೊತ್ತಿಗೆ ಅಪ್ಪ ಇರಲಿಲ್ಲ. ಅವಳ ತಲೆಯ ಅರ್ಧ ಕೂದಲು ಬೆಳ್ಳಗಾಗಿತ್ತು.

ಸೂಜಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಊರಿನ ಲೈಬ್ರರಿಯಿಂದ ಬರುವ ಹಳೆಯ ಪುಸ್ತಕಗಳ ಹಾಳೆಗಳನ್ನು ಮಡಚಿ, ಜೋಡಿಸಿ, ದಾರ ಪೋಣಿಸಿ ಹೊಲಿಯುವವಳು ಅವಳು. ಹೊಲಿದದ್ದರ ಬೆನ್ನಿಗೆ ಅಂಟು ಹಚ್ಚಿ, ರಟ್ಟು ಕೂರಿಸಿ, ಬಟ್ಟೆ ಹೊದಿಸುವವಳು ಅವಳ ತಂಗಿ. ಆದ್ದರಿಂದ ಅವಳು ಅಂಟಕ್ಕ. ಸೂಜಕ್ಕ ಮದುವೆಯಾಗಲಿಲ್ಲ. ಅಂಟಕ್ಕ ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ಹಿಡಿದು ವಾಪಸು ಬಂದವಳು. ಬಂದ ದಿನವೇ ಅಕ್ಕನ ಅಡುಗೆಯನ್ನು ಒಂದು ತುತ್ತು ಬಾಯಿಗಿಟ್ಟು, ನುಂಗುವುದೋ ಉಗಿಯುವುದೋ ತಿಳಿಯದೆ ಕಣ್ಣರಳಿಸಿ, "ಅಕ್ಕಾ, ನೀನು ಪುಸ್ತಕ ಹೊಲಿ. ಅನ್ನದ ತಂಟೆಗೆ ಬರಬೇಡ" ಅಂದಿದ್ದಳು. ಅಂದಿನಿಂದ ಆ ಮನೆಯಲ್ಲಿ ಸೂಜಿ ಒಬ್ಬಳದು, ಸೌಟು ಒಬ್ಬಳದು.

ಸೂಜಕ್ಕನಿಗೆ ಸೀಲಿಯಕ್ ಎಂಬ ಕಾಯಿಲೆ ಇದೆ, ಗೋಧಿ ಬಾರ್ಲಿಗಳ ಒಂದು ಚಿಟಿಕೆ ಹೊಟ್ಟೆಗೆ ಹೋದರೂ ಅವಳ ದೇಹ ತನ್ನ ಕರುಳನ್ನೇ ತಾನು ಪರಚಿಕೊಳ್ಳುತ್ತದೆ ಎಂದು ಹೊಟ್ಟೆಯ ಡಾಕ್ಟರಮ್ಮ ಹೇಳಿದ ದಿನ, ಅಂಟಕ್ಕ ಮನೆಗೆ ಬಂದು ಯಾರನ್ನೂ ಕೇಳದೆ ಕೆಲಸ ಶುರುಮಾಡಿದಳು. ಗೋಧಿ ಹಿಟ್ಟಿನ ಡಬ್ಬ ಬೀದಿಯ ಮೂಲೆಯ ಮನೆಗೆ ಹೋಯಿತು. ಬ್ರೆಡ್ಡು, ಬಿಸ್ಕತ್ತು, ರವೆ ಒಂದೊಂದಾಗಿ ಮನೆ ಬಿಟ್ಟವು. ಬಿರುಕಿನಲ್ಲಿ ಹಳೆಯ ಹಿಟ್ಟು ಕೂತಿರಬಹುದೆಂದು ಅಪ್ಪನ ಕಾಲದ ಮಣೆಯೂ ಹೋಯಿತು. ಕೊನೆಗೆ ಅಂಟು ಕಾಯಿಸುವ ಪಾತ್ರೆ, ಸೌಟು ಹಿಂಬದಿಯ ಮನೆಗೆ ಹೋದಾಗ ಸೂಜಕ್ಕನಿಗೆ ಕಣ್ಣು ತುಂಬಿತು. "ಅಕ್ಕಿ ಹಿಟ್ಟಲ್ಲಿ ಕಾಯಿಸಿದ್ರಾಯ್ತು ಬಿಡೇ" ಎಂದು ತಂಗಿ ಸಮಾಧಾನ ಹೇಳಿದಳು. ಮನೆಯಿಂದ ಆ ವಾಸನೆ ಹೋಯಿತು. ಸೂಜಕ್ಕನ ಹೊಟ್ಟೆ ಸುಮ್ಮನಾಯಿತು. ಕೆಲವು ತಿಂಗಳು ಅವಳು ಹೊಸ ಪುಸ್ತಕದಂತೆ ಓಡಾಡಿದಳು.

ಆಮೇಲೆ ಮತ್ತೆ ಶುರುವಾಯಿತು.

ಈ ಸಲ ಹೊಟ್ಟೆಯಲ್ಲಿ ಅಂಥ ನೋವೇನಿರಲಿಲ್ಲ. ಮೈಯೇ ಮೈಯಲ್ಲ ಅನ್ನುವಂಥ ಸುಸ್ತು. ನಿದ್ದೆ ಮಾಡಿ ಎದ್ದರೂ ಗಾಣ ಎಳೆದು ಬಂದಂತೆ. ಬಾಚಣಿಗೆಯಲ್ಲಿ ಕೂದಲು ಉಂಡೆಯಾಗಿ ಬರುತ್ತಿತ್ತು. ಎಲ್ಲರೂ ಫ್ಯಾನಿನ ಕೆಳಗೆ ಕೂತರೆ ಅವಳಿಗೆ ಮಾತ್ರ ಶಾಲು ಬೇಕು. ಹೊಟ್ಟೆ ಕಟ್ಟಿಕೊಳ್ಳುವುದು, ಕೈಬೆರಳು ಊದುವುದು, ಹೇಳಬೇಕೆಂದಿದ್ದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಮಲಗಿಬಿಡುವುದು. ಕೇಳಿದವರೆಲ್ಲರದೂ, ಡಾಕ್ಟರಮ್ಮನದೂ, ಒಂದೇ ಮಾತು: "ಎಲ್ಲೋ ಗೋಧಿ ಹೋಗ್ತಾ ಇದೆ ನೋಡು." ಗೋಧಿಯ ಕಾಯಿಲೆ ಇರುವವಳಿಗೆ ಏನಾದರೂ ಗೋಧಿಯಿಂದಲೇ ಆಗಬೇಕಲ್ಲ! ಕಾಲು ಎಡವಿದರೂ ಗೋಧಿಯೇ ಎಡವಿಸಿರಬೇಕು ಅನ್ನುವಂತಾಗಿತ್ತು.

ಅಕ್ಕತಂಗಿ ಇಬ್ಬರೂ ಹುಡುಕಿದರು. ಮಸಾಲೆ ಪುಡಿಯಲ್ಲಿ ಇದೆಯೋ, ಮಾತ್ರೆಯ ಲೇಪದಲ್ಲಿ ಇದೆಯೋ, ಅಕ್ಕಿ ಬೀಸುವ ಗಿರಣಿಯಲ್ಲಿ ಇದೆಯೋ. ಅಂಟಕ್ಕ ಗಿರಣಿಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಅಕ್ಕಿ ಕುಟ್ಟತೊಡಗಿದಳು. ಅದೇ ದಿನಗಳಲ್ಲಿ ಅವಳಿಗೊಂದು ಹೊಸ ಅಭ್ಯಾಸವೂ ಬಂತು. ಬೆಳಿಗ್ಗೆ ಸ್ನಾನ ಮಾಡಿದವಳು ಸಂಜೆ ಇನ್ನೊಮ್ಮೆ, ಅದೂ ತಲೆಗೆ ನೀರು ಹಾಕಿಕೊಂಡು, ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡುತ್ತಿದ್ದಳು. ಚಳಿ ಇರಲಿ, ಮಳೆ ಇರಲಿ.

"ಏನೇ ಇದು, ಯಾವ ಮದುವೆಗೆ ಹೊರಟಿದೀಯಾ ದಿನಾ ಸಂಜೆ?" ಎಂದು ಸೂಜಕ್ಕ ಶಾಲಿನೊಳಗಿಂದ ರೇಗಿಸುತ್ತಿದ್ದಳು.

"ನಿನ್ನ ಮದುವೆಗೇ. ಗಂಡು ನೋಡಿಟ್ಟಿದೀನಿ, ಗೋಧಿ ಮುಟ್ಟದವನು" ಎಂದು ತಂಗಿ ಒದ್ದೆ ಕೂದಲು ಕೊಡವುತ್ತಿದ್ದಳು.

ಅದಾಗಿ ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ. ಊಟವಾದ ಮೇಲೆ ಸೂಜಕ್ಕ ಮಲಗುವುದು, ಅಂಟಕ್ಕ "ಟೈಲರಮ್ಮನ ಹತ್ರ ಹೋಗಿ ಬರ್ತೀನಿ" ಎಂದು ಹಿತ್ತಲ ಬಾಗಿಲಿಂದ ಹೋಗುವುದು ದಿನದ ಪದ್ಧತಿ. ಟೈಲರಮ್ಮನ ಮನೆ ಹಿಂಬದಿಗೆ ಅಂಟಿಕೊಂಡೇ ಇತ್ತು. ನಡುವೆ ತೊಡೆಯೆತ್ತರದ ಗೋಡೆ, ಆಚೆ ಒಂದು ತಗಡಿನ ಕೋಣೆ. ಆ ದಿನ ಸೂಜಕ್ಕನಿಗೆ ಚಳಿಗೆ ನಿದ್ದೆ ಬರಲಿಲ್ಲ. ಬಿಸಿಲು ಕಾಯೋಣವೆಂದು ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕೂತಳು. ಗಾಳಿ ಆ ಕಡೆಯಿಂದ ಈ ಕಡೆ ತಿರುಗಿತು.

ಬಿಸಿ ಹಾಲಿನಷ್ಟು ಮೆತ್ತಗೆ. ಆಮೇಲೆ ಒದ್ದೆ ಕಾಗದದ ಹುಳಿ.

ಮೊದಲು ಅವಳಿಗೆ ಅಪ್ಪನ ನೆನಪಾಗಿ ಮುಖ ಅರಳಿತು. ಮರುಗಳಿಗೆಗೆ ಅದು ಮೈದಾ ಅಂಟಿನ ವಾಸನೆ ಎಂದು ಹೊಳೆಯಿತು. ಗೋಡೆ ದಾಟಿ, ತಗಡಿನ ಬಾಗಿಲು ತಳ್ಳಿದಳು.

ಒಳಗೆ ಒಂದು ವಿಚಿತ್ರ ವ್ಯಕ್ತಿ ನಿಂತಿತ್ತು. ತಲೆಗೆ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿ, ಮೂಗು ಬಾಯಿಗೆ ಬಟ್ಟೆ ಸುತ್ತಿ, ಮೊಣಕಾಲವರೆಗೆ ಇಳಿಬಿದ್ದ ಅಪ್ಪನ ಹಳೆಯ ಅಂಗಿ ತೊಟ್ಟು, ಅಪ್ಪನ ಅದೇ ಪಾತ್ರೆಯಲ್ಲಿ ಅದೇ ಸೌಟು ತಿರುವುತ್ತಿತ್ತು. ಕಣ್ಣುಗಳು ಮಾತ್ರ ತಂಗಿಯವು. ಆ ಕಣ್ಣುಗಳು ಅವಳನ್ನು ಕಂಡು ದೊಡ್ಡವಾದವು. ಸೌಟು ನಿಂತಿತು.

ಸೂಜಕ್ಕನ ಬಾಯಿಂದ ಬಂದದ್ದು ಪಿಸುಮಾತು. "ಎಷ್ಟು ದಿನದಿಂದ?"

ತಂಗಿ ಬಾಯಿಯ ಬಟ್ಟೆ ಇಳಿಸಿದಳು. "ಹೋದ ವರ್ಷದಿಂದ."

"ಹೋದ ವರ್ಷದಿಂದ ನಾನು ಸಾಯ್ತಾ ಇದೀನಿ."

"ಅಕ್ಕಾ, ಕೇಳು. ಲೈಬ್ರರಿಯವರು ನಾವು ಕಟ್ಟಿಕೊಟ್ಟ ಪುಸ್ತಕ ವಾಪಸು ತಂದಿದ್ರು, ಮೂಟೆ ಕಟ್ಕೊಂಡು. ಅಕ್ಕಿ ಅಂಟಿಗೆ ನನ್ನ ಕೈ ಪಳಗಿರ್ಲಿಲ್ಲ, ಬೆನ್ನೆಲ್ಲ ಬಿಟ್ಕೊಂಡಿತ್ತು. ಬಿಳಿ ಗೋಂದು ಹಳೇ ಕಾಗದಕ್ಕೆ ಬೇಡ ಅಂತಾರೆ, ಹರಿದುಹಾಕತ್ತೆ. ನೀನು ಮಲಗಿದ್ದೆ. ನಿಂಗೆ ಹೇಳಿದ್ರೆ ಅಪ್ಪನ ಹೆಸರು ಹೋಯ್ತು ಅಂತ ಕೊರಗ್ತೀಯಾ ಅಂತ..."

"ಅದಕ್ಕೆ?" ಸೂಜಕ್ಕನ ಸ್ವರ ಈಗ ಏರಿತು. "ಅದಕ್ಕೆ ನಂಗೆ ಅನ್ನ ಹಾಕೋ ಕೈಯಲ್ಲೇ ವಿಷ ಕದಡ್ತಿದ್ದೀಯಾ? ಕೂದಲು ಉದುರೋದು ನೋಡ್ದೆ. ನನ್ನ ಜೊತೆ ಕೂತು ಡಬ್ಬ ಡಬ್ಬ ತೆಗೆದು ಗೋಧಿ ಹುಡುಕಿದೆಯಲ್ಲೇ! ಕಳ್ಳ ಮನೇಲೇ ಇಟ್ಕೊಂಡು ಊರೆಲ್ಲ ಹುಡುಕಿಸಿದೆಯಲ್ಲೇ!"

"ಮನೆಗೆ ಒಂದು ಚೂರೂ ತಂದಿಲ್ಲ, ಅಕ್ಕಾ. ಅಪ್ಪನಾಣೆ."

"ಅಪ್ಪನ ಅಂಗಿ ಹಾಕ್ಕೊಂಡು ಅಪ್ಪನ ಆಣೆ ಇಡಬೇಡ."

ಹೊಲಿಗೆ ಯಂತ್ರದ ಸದ್ದು ನಿಂತು, ಟೈಲರಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ಕುತ್ತಿಗೆಯಲ್ಲಿ ಟೇಪು, ತುಟಿಯಲ್ಲಿ ಗುಂಡುಸೂಜಿ. ಏನೋ ಹೇಳಲು ಗುಂಡುಸೂಜಿ ತೆಗೆದಳು. ಮತ್ತೆ ತುಟಿಗೇ ಸಿಕ್ಕಿಸಿಕೊಂಡಳು.

"ನನ್ನ ಅಡುಗೆಮನೆಗೆ ನೀನು ಕಾಲಿಡಬೇಡ" ಅಂದಳು ಸೂಜಕ್ಕ. "ನಿನ್ನ ಕೈಯಿಂದ ಇನ್ನು ನೀರೂ ಬೇಡ."

ಅಂಟಕ್ಕ ಜಗಳಗಂಟಿಯೇ. ತರಕಾರಿಯವನ ಹತ್ತಿರ ಮುರುಟಿದ ಒಂದು ಬದನೆಕಾಯಿಗಾಗಿ ಅರ್ಧ ಬೀದಿ ಕೂಡಿಸಬಲ್ಲವಳು. ಆದರೆ ಆ ದಿನ ತಲೆ ತಗ್ಗಿಸಿ ಸ್ಟವ್ ಆರಿಸಿದಳು. ಅಂಟು ತಳ ಹಿಡಿದು ಹೋಗಬಾರದೆಂದು ಪಾತ್ರೆ ಇಳಿಸಿಟ್ಟಳು. ಸಂಜೆಗೆ ಅದೇ ಹಳೆಯ ಪೆಟ್ಟಿಗೆ ಗೋಡೆ ದಾಟಿ ತಗಡಿನ ಕೋಣೆ ಸೇರಿತು.

ಸೂಜಕ್ಕ ಮನೆ ತೊಳೆದಳು. ಗೋಡೆಗಳನ್ನೂ ಉಜ್ಜಿದಳು. ತಂಗಿ ಮುಟ್ಟಿದ ಸೌಟು, ಜರಡಿ, ಕೈವಸ್ತ್ರ ಎಲ್ಲವನ್ನೂ ಗೋಣಿಗೆ ತುಂಬಿ ಹೊರಗಿಟ್ಟಳು. ಈಗ ನೋಡು, ಹದಿನೈದು ದಿನ, ಮೈ ಹೂವಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ತಾನೇ ಅನ್ನ ಬೇಯಿಸಿದಳು. ಒಂದು ದಿನ ಮುದ್ದೆಯಾಯಿತು, ಒಂದು ದಿನ ಕಲ್ಲಾಯಿತು, ಒಂದು ದಿನ ಉಪ್ಪೇ ಮರೆತುಹೋಯಿತು. ಆದರೂ ಅದು ಶುದ್ಧ ಅನ್ನ ಎಂಬ ಹಟದಿಂದ ನುಂಗಿದಳು. ಹಿಂದಿನ ಗೋಡೆಯಾಚೆ ಸಂಜೆ ಹೊತ್ತು ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಆ ಸದ್ದು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾಡಬಾರದ್ದೆಲ್ಲ ಮಾಡಿ ಮಡಿ ಬೇರೆ!

ಕೆಲಸ ಮಾತ್ರ ನಿಲ್ಲಲಿಲ್ಲ. ಹೊಲಿದ ಪುಸ್ತಕಗಳನ್ನು ಸೂಜಕ್ಕ ಗೋಡೆಯ ಮೇಲಿಟ್ಟು ಒಳಗೆ ಹೋಗುವಳು. ಟೈಲರಮ್ಮ ಎತ್ತಿಕೊಂಡು ಹೋಗುವಳು. ರಟ್ಟು ಕಟ್ಟಿದ ಪುಸ್ತಕಗಳು ನೇರ ಲೈಬ್ರರಿಗೆ ಹೋಗುತ್ತಿದ್ದವು. ಒಂದು ದಿನ ಟೈಲರಮ್ಮ ಗೋಡೆಯ ಮೇಲೆ ಕೈಯೂರಿ, "ನೋಡು ಸೂಜಕ್ಕಾ, ನಾನು ಎರಡು ತುಂಡು ಬಟ್ಟೆ ಕೂಡಿಸೋಳು. ನಡುವೆ ಕತ್ತರಿ ಹಿಡ್ಕೊಂಡು ನಿಲ್ಲೋದು ನಂಗೆ ಬರಲ್ಲ" ಅಂದಳು. ಸೂಜಕ್ಕ ಕಲ್ಲಿನ ಮೇಲೆ ಕೂತು ಶಾಲು ಎಳೆದುಕೊಂಡಳು. ಟೈಲರಮ್ಮ ಹೊರಡುವ ಮುಂಚೆ, ಅವಳು ಕೂತ ಕಲ್ಲು ನೆರಳಿಗೆ ಬಂದದ್ದನ್ನು ಕಂಡು, ತನ್ನ ಮನೆಯ ಕುರ್ಚಿಯನ್ನು ಬಿಸಿಲಿದ್ದ ಕಡೆ ತಂದಿಟ್ಟು ಹೋದಳು.

ಹದಿನೈದು ದಿನ ಕಳೆಯಿತು. ತಿಂಗಳು ಕಳೆಯಿತು. ಮೈ ಹೂವಾಗಲಿಲ್ಲ. ಮುಖ ಬೆಳಿಗ್ಗೆ ಎದ್ದಾಗ ನೆನೆಸಿದ ರಟ್ಟಿನಂತೆ ಊದಿಕೊಂಡಿರುತ್ತಿತ್ತು. ಸ್ವರ ಗೊಗ್ಗರಾಯಿತು. ಹುಬ್ಬಿನ ಅಂಚಿನ ಕೂದಲೂ ಮಾಯವಾಯಿತು. ಒಂದು ವರ್ಷದ ವಿಷ, ಬೇಗ ಇಳಿಯುವುದುಂಟೇ ಎಂದು ಅವಳು ಅದಕ್ಕೂ ತಂಗಿಯನ್ನೇ ದೂರಿದಳು.

ಒಂದು ಬೆಳಿಗ್ಗೆ ಲೈಬ್ರರಿಯವರು ಬಂದರು. ತೆಳ್ಳಗಿನ, ಮೆಲುದನಿಯ ಮನುಷ್ಯ. ಯಾರಾದರೂ ಪುಸ್ತಕದ ಹಾಳೆ ಮಡಚಿದರೆ ತನ್ನ ಕಿವಿಯನ್ನೇ ಮಡಚಿದಂತೆ ಮುಖ ಮಾಡುವವರು. ಬಗಲಲ್ಲಿ ಒಂದು ದಪ್ಪ ನಿಘಂಟು. ಕೂತರು, ನೀರು ಕುಡಿದರು, ಹವೆಯ ಬಗ್ಗೆ ಮಾತಾಡಿದರು. ಆಮೇಲೆ ನಿಘಂಟನ್ನು ಮೆಲ್ಲನೆ ಅವಳ ಮುಂದಿಟ್ಟು ನಡುವೆ ತೆರೆದರು.

"ಇದು ಹೀಗೇ ಇರಬೇಕಾ ಅಂತ ಕೇಳೋಣ ಅಂತ ಬಂದೆ ಅಷ್ಟೇ" ಅಂದರು.

ಸೂಜಕ್ಕ ನೋಡಿದಳು. ಒಂದು ಇಡೀ ಕಂತೆ ಹಾಳೆ ತಲೆಕೆಳಗಾಗಿ ಹೊಲಿಗೆಯಾಗಿತ್ತು. ಅದರ ಮುಂದಿನ ಕಂತೆ ಇರಬೇಕಾದ ಜಾಗದಲ್ಲಿ ಎಲ್ಲಿಯದೋ ಕಂತೆ. ದಾರ ಮಾತ್ರ ಬಿಗಿಯಾಗಿ, ಅವಳ ಕೈಯ ಹೊಲಿಗೆಯೇ ಎಂದು ಸಾಕ್ಷಿ ಹೇಳುತ್ತಿತ್ತು.

ಅವಳು ಹಾಳೆಯ ಅಂಚನ್ನು ಸವರಿ ನೋಡಿದಳು. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳು ಹಾಳೆ ಜೋಡಿಸಿದವಳು. ಕಣ್ಣು ಮುಚ್ಚಿ, ಬರೀ ಹೆಬ್ಬೆರಳಿನಿಂದ ಮೇಲ್ತುದಿ ಕೆಳತುದಿ ಹೇಳುವವಳು. ಮದುವೆಯ ಮಾತು ಮುರಿದ ದಿನ, ಅಪ್ಪ ತೀರಿಕೊಂಡ ವಾರ, ಎಂದೂ ಒಂದು ಕಂತೆಯೂ ತಲೆಕೆಳಗಾಗಿರಲಿಲ್ಲ. ಈ ನಿಘಂಟನ್ನು ಹೊಲಿದದ್ದು ನೆನಪೇ ಇರಲಿಲ್ಲ. ಬೇರೆ ಯಾರೋ ತನ್ನ ಕೈ ತೊಟ್ಟುಕೊಂಡು ಹೊಲಿದಂತಿತ್ತು.

"ನಂಗೇನಾಗಿದೆ?" ಅಂದಳು. ಅದು ಲೈಬ್ರರಿಯವರನ್ನು ಕೇಳಿದ ಪ್ರಶ್ನೆಯಲ್ಲ. ಆದರೂ ಅವರು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು, "ಇದನ್ನ ಯಾರೂ ನೋಡಿಲ್ಲ. ನೀವು ಡಾಕ್ಟರನ್ನ ನೋಡಿ. ನಿಘಂಟು ಎಲ್ಲೂ ಓಡಿಹೋಗಲ್ಲ" ಅಂದರು.

ಹೊಟ್ಟೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. ಸೂಜಕ್ಕ ಅವಳ ಮುಂದೆ ಕುರ್ಚಿಯ ತುದಿಯಲ್ಲಿ ಕೂತು ಒಂದೇ ಉಸಿರಿಗೆ ಹೇಳಿದಳು. "ನನ್ನ ಊಟದಲ್ಲಿ ಒಂದು ವರ್ಷದಿಂದ ಗೋಧಿ ಸೇರಿದೆ. ಯಾರಿಂದ ಅಂತ ಗೊತ್ತು. ನೀವು ರಕ್ತ ನೋಡಿ ಹೌದು ಅಂತ ಹೇಳಿಬಿಡಿ ಸಾಕು. ಹೋಗಿ ಒಬ್ಬರ ಮುಖಕ್ಕೆ ಹೇಳಬೇಕು."

ಡಾಕ್ಟರಮ್ಮ ಅವಳ ಮುಖವನ್ನು, ಹುಬ್ಬನ್ನು, ಶಾಲನ್ನು ನೋಡಿದಳು. "ರಕ್ತ ನೋಡೋಣ" ಅಂದಳು. "ನೀವು ಕೇಳಿದ್ದೂ ನೋಡೋಣ, ಕೇಳದೇ ಇದ್ದದ್ದೂ ನೋಡೋಣ."

ರಕ್ತ ತೆಗೆಯುವ ನರ್ಸು ಅವಳ ಕೈ ಮುಟ್ಟಿ, "ಅಯ್ಯೋ, ಮಂಜುಗಡ್ಡೆ!" ಎಂದಳು. ಸೂಜಿ ಪಕ್ಕಕ್ಕಿಟ್ಟು ತನ್ನ ಎರಡು ಅಂಗೈಗಳ ನಡುವೆ ಆ ಕೈಯನ್ನು ಸ್ವಲ್ಪ ಹೊತ್ತು ಉಜ್ಜಿ ಬೆಚ್ಚಗೆ ಮಾಡಿ, ಆಮೇಲೆ ಚುಚ್ಚಿದಳು. ಯಾರಾದರೂ ಸೂಜಕ್ಕನ ಕೈ ಹಿಡಿದು ಬಹಳ ದಿನವಾಗಿತ್ತು.

ಮುಂದಿನ ವಾರ ಅವಳು ಗೆದ್ದವಳ ಹಾಗೆ ಹೋಗಿ ಕೂತಳು. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು.

"ನಿಮಗೆ ಅಡುಗೆ ಮಾಡೋರು ಯಾರು?" ಎಂದು ಕೇಳಿದಳು ಡಾಕ್ಟರಮ್ಮ.

"ಈಗ ನಾನೇ. ಮುಂಚೆ ತಂಗಿ. ತಿಂಗಳ ಹಿಂದಿನವರೆಗೂ ಅವಳೇ." ಸೂಜಕ್ಕ ಮುಂದೆ ಬಾಗಿದಳು. "ಎಷ್ಟಿದೆ, ಡಾಕ್ಟ್ರೇ? ಬಹಳ ಇದೆಯಾ?"

"ಏನು?"

"ಗೋಧಿ."

"ಇಲ್ಲ" ಅಂದಳು ಡಾಕ್ಟರಮ್ಮ. "ಗೋಧಿಯ ಮೇಲಿನ ಸಿಟ್ಟು ರಕ್ತದಲ್ಲಿ ಎಷ್ಟಿದೆ ಅಂತ ನಾವು ಅಳೀತೀವಿ. ಮೊದಲ ಸಲ ಬಂದಾಗ ನಿಮ್ಮದು ಆಕಾಶದಲ್ಲಿತ್ತು. ಈಗ ಸಾಮಾನ್ಯರ ರಕ್ತದಲ್ಲಿ ಇರೋ ಹಾಗೇ ಇದೆ. ಇದು ಒಂದು ತಿಂಗಳಲ್ಲಿ ಹೀಗೆ ಇಳಿಯೋದಲ್ಲ. ತಿಂಗಳುಗಟ್ಟಲೆ, ಹೊತ್ತುಹೊತ್ತಿಗೂ ಕಾವಲು ಕೂತು ಊಟ ಹಾಕಿದ್ರೆ ಮಾತ್ರ ಹೀಗಾಗತ್ತೆ. ದಿನಾ ಗೋಧಿ ಹೋಗ್ತಿದ್ರೆ ರಕ್ತ ಬಚ್ಚಿಡ್ತಿರ್ಲಿಲ್ಲ. ಕಬ್ಬಿಣದ ಅಂಶನೂ ಏರಿದೆ, ಅಂದ್ರೆ ಕರುಳು ಸರಿಯಾಗಿ ಉಣ್ತಾ ಇದೆ. ನಾನು ಎಷ್ಟೋ ಜನರನ್ನ ನೋಡ್ತೀನಿ. ಇಷ್ಟು ಶುದ್ಧವಾಗಿ ನೋಡ್ಕೊಂಡ ಮನೆ ಅಪರೂಪ. ನಿಮ್ಮ ತಂಗಿಗೆ ನನ್ನ ನಮಸ್ಕಾರ ಹೇಳಿ."

ಗೋಡೆಯ ಗಡಿಯಾರ ನಿಂತಿತೋ, ಅವಳ ಕಿವಿ ನಿಂತಿತೋ. ಮಾತುಗಳು ದೂರದಿಂದ ಬರುತ್ತಿದ್ದವು. ಡಾಕ್ಟರಮ್ಮ ಎದ್ದು ಬಂದು ಒಂದು ಲೋಟ ನೀರು ಕೊಟ್ಟು, "ಒಂದು ಗುಟುಕು ನುಂಗಿ, ಕತ್ತು ಎತ್ತಿ" ಅಂದಳು. ನುಂಗುವಾಗ ಅವಳ ಬೆರಳುಗಳು ಸೂಜಕ್ಕನ ಕುತ್ತಿಗೆಯ ಬುಡವನ್ನು ಮೆಲ್ಲಗೆ ಒತ್ತಿ ನೋಡಿದವು.

"ಇಲ್ಲಿದೆ ನಿಮ್ಮ ಕಳ್ಳ" ಅಂದಳು. "ಥೈರಾಯ್ಡ್ ಗ್ರಂಥಿ. ಮೈಯ ಒಲೆ ಇದ್ದ ಹಾಗೆ. ನಿಮ್ಮದು ಹೆಚ್ಚುಕಡಿಮೆ ಆರಿಹೋಗಿದೆ. ಅದಕ್ಕೇ ಚಳಿ, ಸುಸ್ತು, ಕೂದಲು ಉದುರೋದು, ಮುಖ ಊದೋದು, ಮರೆವು. ಗೋಧಿ ಕಂಡು ತಪ್ಪಾಗಿ ನಿಮ್ಮ ಕರುಳಿನ ಮೇಲೆ ಬಿದ್ದಿತ್ತಲ್ಲ ನಿಮ್ಮದೇ ಮೈಯ ಕಾವಲು ಪಡೆ, ಅದೇ ಈಗ ಇದರ ಮೇಲೆ ತಿರುಗಿದೆ. ಸೀಲಿಯಕ್ ಇರೋರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ಪಥ್ಯ ಎಷ್ಟು ಸರಿಯಾಗಿದ್ರೂ ಬರಬಹುದು. ಯಾರೂ ಏನೂ ತಪ್ಪು ಮಾಡಿರಬೇಕಾಗಿಲ್ಲ."

"ಯಾರೂ?" ಅಂದಳು ಸೂಜಕ್ಕ.

"ಯಾರೂ." ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ತಪ್ಪು ಅಂತ ಇದ್ರೆ ನಮ್ಮದು. ಸುಸ್ತು ಅಂತ ನೀವು ಹೋದ ವರ್ಷವೇ ಹೇಳಿದ್ರಿ. ನಾನೂ 'ಏನು ತಿಂದ್ರಿ' ಅಂತಲೇ ಕೇಳಿ ಕಳಿಸಿದೆ. ಅವತ್ತೇ ಈ ಪರೀಕ್ಷೆ ಮಾಡಿಸಬೇಕಿತ್ತು. ಕ್ಷಮಿಸಿ. ಮಾತ್ರೆ ಕೊಡ್ತೀನಿ. ಬೆಳಿಗ್ಗೆ ಖಾಲಿ ಹೊಟ್ಟೇಲಿ ನೀರಿನ ಜೊತೆ ತಗೊಳ್ಳಿ. ಒಂದೇ ದಿನಕ್ಕೆ ಗುಣ ಆಗಲ್ಲ, ವಾರಗಳು ಬೇಕು. ಆಮೇಲೆ ಮತ್ತೆ ರಕ್ತ ನೋಡೋಣ. ಒಲೆ ಮತ್ತೆ ಹತ್ತತ್ತೆ. ಗೋಧಿಯ ಪಥ್ಯ ಮಾತ್ರ ಹಾಗೇ ಇರಲಿ."

ಹೊರಗೆ ಬಂದಾಗ ಬೀದಿ ಅದೇ ಬೀದಿಯಾಗಿರಲಿಲ್ಲ. ಕಾಯಿಲೆಯ ಹೆಸರು ಕೇಳಿ ಬಡಿದ ಗರವಲ್ಲ ಅದು. ಹೊಸ ಕಾಯಿಲೆ ತಾನೇ, ಹಳೆಯದರ ಪಕ್ಕ ಇನ್ನೊಂದು ಮಣೆ ಹಾಕಿದರಾಯಿತು. ಆದರೆ ಅವಳ ತಲೆಯೊಳಗೆ ಹೊಲಿದಿದ್ದ ಒಂದು ಇಡೀ ವರ್ಷದ ಪುಸ್ತಕದಲ್ಲಿ ಕಂತೆಗಳೆಲ್ಲ ತಲೆಕೆಳಗಾಗಿದ್ದವು. ಒಂದೊಂದಾಗಿ ಅವು ತಿರುಗಿ ನೇರವಾಗತೊಡಗಿದಾಗ ಅವಳು ಬಸ್ಸು ನಿಲ್ದಾಣದ ಬೆಂಚಿನ ಮೇಲೆ ಕೂತಳು.

ತಲೆಗೆ ಕಟ್ಟಿದ ಪ್ಲಾಸ್ಟಿಕ್ ಚೀಲ. ಕೂದಲಲ್ಲಿ ಹಿಟ್ಟಿನ ಧೂಳು ಕೂರಬಾರದೆಂದು. ಮೂಗಿಗೆ ಬಟ್ಟೆ, ಮೈಗೆ ಅಪ್ಪನ ಅಂಗಿ. ಮನೆಯ ಬಟ್ಟೆಗೆ ತಾಗಬಾರದೆಂದು. ಸದಾ ಬುಡದವರೆಗೆ ಕತ್ತರಿಸಿದ ಉಗುರು. ಕೈಯ ಅಂದ ಕೆಟ್ಟಿತು ಎಂದು ತಾನೇ ಆಡಿಕೊಂಡಿದ್ದ ಉಗುರು. ಒಳಗೆ ಬರುವಾಗ ಹಿತ್ತಲಲ್ಲೇ ಬಿಟ್ಟು ಬರುತ್ತಿದ್ದ ಚಪ್ಪಲಿ. ಮತ್ತೆ ಆ ಸ್ನಾನ. ಜಡಿಮಳೆಯಲ್ಲೂ, ಜ್ವರ ಬಂದ ದಿನವೂ, ತಲೆಗೆ ನೀರು ಹಾಕಿಕೊಂಡು, ನಡುಗುತ್ತ, ನಗುತ್ತ, ಅಕ್ಕನ ಅನ್ನಕ್ಕೆ ಕೈ ಹಾಕುವ ಮುಂಚೆ. ಯಾವ ಮದುವೆಗೆ ಎಂದು ಕೇಳಿದ್ದಳಲ್ಲ ತಾನು!

ತಂಗಿ ಬಚ್ಚಿಟ್ಟದ್ದು ನಿಜ. ಹೇಳದೆ ಮಾಡಿದ್ದೂ ನಿಜ. ಆದರೆ ಒಂದು ಚೂರೂ ತಂದಿಲ್ಲ ಎಂದದ್ದೂ ನಿಜ. ಅದನ್ನು ನಂಬಲು ತನಗೆ ರಕ್ತವೇ ಸಾಕ್ಷಿ ಹೇಳಬೇಕಾಯಿತು. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸು ಅವಳ ಮುಖ ನೋಡಿ, ತನ್ನ ಚೀಲವನ್ನು ತೊಡೆಗೆತ್ತಿಕೊಂಡು ಅವಳಿಗೆ ಒರಗಲು ಜಾಗ ಮಾಡಿಕೊಟ್ಟಳು.

ಮನೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಸೂಜಕ್ಕ ಮುಂಬಾಗಿಲು ತೆಗೆಯಲೇ ಇಲ್ಲ. ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ, ಗೋಡೆ ದಾಟಲು ಒಂದು ಕಾಲೆತ್ತಿ, ಅಲ್ಲೇ ಸುಸ್ತಾಗಿ ಗೋಡೆಯ ಮೇಲೆ ಕುದುರೆಯ ಮೇಲೆ ಕೂತ ಹಾಗೆ ಕೂತುಬಿಟ್ಟಳು. ತಗಡಿನ ಕೋಣೆಯ ಬಾಗಿಲಲ್ಲಿ ಅಂಟಕ್ಕ ಬ್ರಷ್ ತೊಳೆಯುತ್ತಿದ್ದಳು. ಅಪ್ಪನ ಅಂಗಿ ಇನ್ನೂ ಮೈಮೇಲಿತ್ತು. ಅಕ್ಕನನ್ನು ಕಂಡು ಎದ್ದು ನಿಂತಳು. ಅಭ್ಯಾಸದಂತೆ ಎರಡು ಹೆಜ್ಜೆ ಹಿಂದೆ ಸರಿದಳು, ಹಿಟ್ಟು ಗಾಳಿಗೆ ಹಾರೀತೆಂದು.

ಆ ಎರಡು ಹೆಜ್ಜೆ ಸೂಜಕ್ಕನ ಎದೆಗೆ ನಾಟಿತು.

"ಒಂದು ಚೂರೂ ಹೋಗಿಲ್ವಂತೆ ಕಣೇ" ಅಂದಳು. ಗೊಗ್ಗರು ಸ್ವರ ಇನ್ನಷ್ಟು ಒಡೆಯಿತು. "ರಕ್ತ ಕನ್ನಡಿ ಹಾಗಿದೆಯಂತೆ. ಡಾಕ್ಟರು ನಿಂಗೆ ನಮಸ್ಕಾರ ಹೇಳಿದಾರೆ."

ಅಂಟಕ್ಕ ಬಾಯಿ ತೆರೆದು ಹಾಗೇ ನಿಂತಳು. "ಮತ್ತೆ... ಮತ್ತೆ ಈ ಮುಖ? ಈ ಕೂದಲು?"

"ಥೈರಾಯ್ಡಂತೆ. ಕುತ್ತಿಗೇಲಿ ಇರತ್ತಂತೆ. ಅದು ಕೆಟ್ಟಿದೆಯಂತೆ. ಗೋಧಿಯಿಂದಲ್ಲ, ನಿನ್ನಿಂದಲ್ಲ."

ಅಂಟಕ್ಕನ ಕೈಯಿಂದ ಬ್ರಷ್ ಜಾರಿತು. ತನ್ನ ಮೇಲಿನ ಅಪವಾದ ಇಳಿಯಿತೆಂಬ ನಿರಾಳ ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಬೇರೆಯೇ ದಿಗಿಲು. "ನಾನು ನಿನ್ನ ತಟ್ಟೆ ನೋಡ್ತಿದ್ದೆ, ಅಕ್ಕಾ" ಅಂದಳು ಮೆಲ್ಲಗೆ. "ದಿನಾ ತಟ್ಟೆ ನೋಡ್ದೆ. ನಿನ್ನ ಮುಖ ನೋಡ್ಲೇ ಇಲ್ಲ. ಇಷ್ಟು ಊದಿರೋದು... ಇಲ್ಲೇ ಎದುರಿಗೇ ಇತ್ತಲ್ಲೇ!"

"ನೀನು ತಟ್ಟೆಯಾದ್ರೂ ನೋಡ್ದೆ. ನಾನು ನಿನ್ನಲ್ಲಿ ಬರೀ ಕಳ್ಳೀನ ನೋಡ್ದೆ." ಸೂಜಕ್ಕ ಶಾಲಿನ ತುದಿಯಿಂದ ಮೂಗೊರೆಸಿಕೊಂಡಳು. "ನೀರೂ ಬೇಡ ಅಂದಿದ್ದೆ" ಅಂದಳು. "ಆ ಮಾತು ಆಡಬಾರದಿತ್ತು ಕಣೇ."

"ನಾನೂ ಹೇಳದೆ ಮಾಡಬಾರದಿತ್ತು" ಅಂದಳು ತಂಗಿ. ಅವಳ ಸ್ವರವೂ ಒದ್ದೆಯಾಗಿತ್ತು.

ಹೊಲಿಗೆ ಯಂತ್ರ ಯಾವಾಗಲೋ ನಿಂತಿತ್ತು. ಕಿಟಕಿಯಿಂದ ಟೈಲರಮ್ಮನ ತಲೆ ಹೊರಬಂತು. "ಮುಗೀತಾ? ಸದ್ಯ! ಇವಳು ಒಂದು ತಿಂಗಳಿಂದ ಇಬ್ಬರ ಅಳತೆಗೇ ಬೇಯಿಸ್ತಾಳೆ. ಒಬ್ಬಳಿಗೆ ಅಳೆಯೋಕೆ ಕೈ ಬರಲ್ವಂತೆ. ಗೋಧಿ ಇಲ್ಲದ ನಿನ್ನ ಪಾಲು ನಾನು ತಿಂದು ತಿಂದು, ನನ್ನ ಬಟ್ಟೇನ ನಾನೇ ಬಿಚ್ಚಿ ದೊಡ್ಡದು ಮಾಡ್ಕೊಳ್ತಾ ಇದೀನಿ. ನಿನ್ನ ಪಾಲು ನೀನು ತಿನ್ನಮ್ಮಾ, ನನ್ನ ಸೊಂಟ ಉಳಿಸು!"

ಸೂಜಕ್ಕನಿಗೆ ನಗು ಬಂತು, ಅಳುವಿನ ಜೊತೆಗೇ. ತಂಗಿಯ ಕಡೆ ಕೈ ಚಾಚಿದಳು.

"ಮುಟ್ಟಬೇಡ" ಅಂದಳು ಅಂಟಕ್ಕ ಗಡಸಾಗಿ. "ಮೈಯೆಲ್ಲ ಹಿಟ್ಟು. ಅಲ್ಲೇ ಕೂತಿರು."

ಅವಳು ಬಚ್ಚಲಿಗೆ ಹೋದಳು. ಸೂಜಕ್ಕ ಗೋಡೆಯಿಂದ ಇಳಿದು ಟೈಲರಮ್ಮನ ಕುರ್ಚಿಯಲ್ಲಿ, ಉಳಿದಿದ್ದ ಅಂಗೈಯಗಲ ಬಿಸಿಲಿನಲ್ಲಿ ಕೂತಳು. ನೀರು ಬೀಳುವ ಸದ್ದು ಕೇಳಿಸಿತು. ಚೊಂಬು, ಚೊಂಬು, ಮತ್ತೊಂದು ಚೊಂಬು. ಆತುರವಿಲ್ಲದೆ, ಒಂದಿಷ್ಟೂ ಕಡಿಮೆ ಮಾಡದೆ. ಅವಳು ಆ ಸದ್ದನ್ನು ಕೊನೆಯವರೆಗೂ ಕೇಳಿದಳು.

ಬೇರೆ ಬಟ್ಟೆ ತೊಟ್ಟು, ಕೂದಲಿಂದ ನೀರು ತೊಟ್ಟಿಕ್ಕುತ್ತ ಅಂಟಕ್ಕ ಟೈಲರಮ್ಮನ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಇನ್ನೊಂದು ತಟ್ಟೆ ಮುಚ್ಚಿದ ತಟ್ಟೆ. ಅದನ್ನು ಅಕ್ಕನ ತೊಡೆಯ ಮೇಲಿಟ್ಟು, ತಣ್ಣಗಿದ್ದ ಅವಳ ಎರಡೂ ಕೈಗಳನ್ನು ಎತ್ತಿ, ತಟ್ಟೆಯ ಬಿಸಿ ಅಂಚಿನ ಮೇಲೆ ಇಟ್ಟಳು.